ಬೂತಿನ ಕಾಕಾ ಮುಟ್ಟಿಸಿದ ಮಾತು

ಹೋದ ತಿಂಗಳು ಲಕ್ಷ್ಮೇಶ್ವರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಪೆಂಡಾಲಿನ ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನ ಮುಂಗೈ ಹಿಡಿದು ಪುಟ್ಟ ಸೀಸೆಯಿಂದ ಅತ್ತರು ಸವರಿದಳು. ಮಲ್ಲಿಗೆಯ ಅತ್ತರು. ಮೂಗಿಗೆ ಹಿಡಿದದ್ದೇ ತಡ, ಮದುವೆ ಮನೆ ಮರೆತು ನನಗೆ ಟೆಲಿಫೋನು ನೆನಪಾಯಿತು. ಅತ್ತರಿಗೂ ಟೆಲಿಫೋನಿಗೂ ಏನು ನಂಟು ಎಂದು ನೀವು ಕೇಳಬಹುದು. ನಮ್ಮ ಬೆಟಗೇರಿಯ ಬಸ್ ಸ್ಟ್ಯಾಂಡಿನ ಹತ್ತಿರದ ಆ ಎಸ್.ಟಿ.ಡಿ. ಬೂತಿನಲ್ಲಿ ಒಮ್ಮೆಯಾದರೂ ಮಾತಾಡಿದವರು ಕೇಳುವುದಿಲ್ಲ.

ಅದರ ಯಜಮಾನರನ್ನು ನಾವೆಲ್ಲ ಬೂತಿನ ಕಾಕಾ ಎನ್ನುತ್ತಿದ್ದೆವು. ಹುಟ್ಟೂರು ಶಿರಹಟ್ಟಿ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲು ಸೊರಗಿತ್ತು. ಅಂಗವಿಕಲರಿಗೆಂದು ಇದ್ದ ಸವಲತ್ತಿನಲ್ಲಿ ಅವರಿಗೆ ಬೂತು ಸಿಕ್ಕಿತ್ತು. ದಿನಾ ಬೆಳಿಗ್ಗೆ ಅಂಗಡಿ ತೆರೆದು ಊದುಬತ್ತಿ ಹಚ್ಚಿದ ಮೇಲೆ, ಅತ್ತರು ಹಾಕಿದ ಚೂರು ಅರಳೆಯನ್ನು ರಿಸೀವರಿನ ಬಾಯಿಯ ಕಡೆಗೆ ಸಿಕ್ಕಿಸುವುದು ಅವರ ಎರಡನೆಯ ಪೂಜೆ. ಯಾಕೆ ಕಾಕಾ ಇದೆಲ್ಲ ಎಂದು ಒಮ್ಮೆ ಕೇಳಿದ್ದೆ.

"ಊರ ಮಂದಿ ಬಾಯಿ ಹಚ್ಚೋ ಜಾಗಾರಿ ಅಕ್ಕಾರ. ಮಾತ ಹ್ಯಾಂಗರ ಇರಲಿ, ವಾಸನಿ ಚಲೋ ಇರಬೇಕು" ಎಂದಿದ್ದರು.

ಅದು ಬರೀ ಫೋನಿನ ಬಗ್ಗೆ ಆಡಿದ ಮಾತು ಎಂದು ನಾನು ಬಹಳ ದಿನ ತಿಳಿದಿದ್ದೆ.

ಆಗ ನಮ್ಮ ಜಿಲ್ಲೆ ಹೊಸದು. ಮೊದಲು ಏನೇ ಇರಲಿ, ಧಾರವಾಡಕ್ಕೆ ಓಡಬೇಕಿತ್ತು. ಈಗ ಗದಗಿನಲ್ಲೇ ಕಚೇರಿಗಳು ಬಂದು ಕೂತಿದ್ದವು, ಬೋರ್ಡುಗಳ ಬಣ್ಣ ಇನ್ನೂ ಹಸಿಯಾಗಿತ್ತು. ಅದೇ ಗಾಳಿಯಲ್ಲಿ, ಅರ್ಧಕ್ಕೆ ಓದು ಬಿಟ್ಟ ದೊಡ್ಡವರಿಗಾಗಿ ದೂರ ಶಿಕ್ಷಣದ ಒಂದು ಕೋರ್ಸೂ ಗದಗಿಗೆ ಬಂತು. ಪಾಠ ಅಂಚೆಯಲ್ಲಿ ಬರುತ್ತದೆ, ಮನೆಯಲ್ಲಿ ಓದಿಕೊಳ್ಳುವುದು, ವರ್ಷದ ಕೊನೆಗೆ ಪರೀಕ್ಷೆ. ನಾನು ಆಗ ನಮ್ಮ ಓಣಿಯ ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ. ಕಮಿಟಿಯವರು ಖಡಾಖಂಡಿತ ಹೇಳಿಬಿಟ್ಟಿದ್ದರು: ಮುಂದಿನ ಜೂನಿನೊಳಗೆ ಸರ್ಟಿಫಿಕೇಟು ಬಂದರೆ ನೀನೇ ಟೀಚರು, ಬರದಿದ್ದರೆ ಬೇರೆಯವರು. ನನಗೆ ಆ ಮಕ್ಕಳೆಂದರೆ ಪ್ರಾಣ. ಅದಕ್ಕಿಂತ ಹೆಚ್ಚಾಗಿ, ಮನೆಯ ಮಗ್ಗದ ಸದ್ದು ಬಿಟ್ಟು ಬೇರೆ ಸದ್ದು ಕೇಳುವ ಜಾಗ ನನಗೆ ಅದೊಂದೇ ಇತ್ತು.

ಅತ್ತೆಯವರು ಬೇಡ ಎನ್ನಲಿಲ್ಲ. "ಮಕ್ಕಳು ಓದೋ ವಯಸ್ಸಿನ್ಯಾಗ ತಾಯಿ ಓದಾಕ ಕುಂತಾಳ. ಆತು, ಒಂದ ವರ್ಷ ನೋಡೂಣು" ಎಂದರು. ಒಂದ ವರ್ಷ ಎನ್ನುವಾಗ ಒಂದು ಬೆರಳನ್ನೂ ಎತ್ತಿ ತೋರಿಸಿದರು. ಎರಡನೆಯ ಬೆರಳು ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಪರೀಕ್ಷೆಗೆ ನಾನು ಹೆದರಲಿಲ್ಲ. ಹೆದರಿಸಿದ್ದು ಗುಂಪಿನ ಪ್ರಾಜೆಕ್ಟು. ಬೇರೆ ಬೇರೆ ಊರಿನ ಮೂವರು ಸೇರಿ ಒಂದು ವಿಷಯದ ಮೇಲೆ ವರದಿ ಬರೆಯಬೇಕು. ಒಬ್ಬರೇ ಬರೆದು ಮೂವರ ಹೆಸರು ಹಾಕಿದ್ದು ಗೊತ್ತಾದರೆ, ಇಲ್ಲವೇ ಗುಂಪು ನಡುವೆ ಮುರಿದರೆ, ಮೂವರೂ ನಪಾಸು. ಮೊದಲ ದಿನ ಗದಗಿನ ಒಂದು ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ ಚೀಟಿ ಎತ್ತಿದರು. ನನ್ನ ಪಾಲಿಗೆ ಬಂದವರು ಮುಂಡರಗಿಯ ಒಂದು ಸೊಸೈಟಿಯ ಕ್ಲಾರ್ಕರು, ಮತ್ತು ಲಕ್ಷ್ಮೇಶ್ವರದಲ್ಲಿ ಮನೆಯ ಮುಂಗೋಣೆಯಲ್ಲೇ ಬಳೆ ಮಾರುವ ಒಬ್ಬ ಹೆಣ್ಣುಮಗಳು. ಆಕೆಯನ್ನು ಎಲ್ಲರೂ ಆಪಾ ಎನ್ನುತ್ತಿದ್ದರು. ಕ್ಲಾರ್ಕರಿಗೆ ಬಡ್ತಿ ಬೇಕಿತ್ತು. ಆಪಾಗೆ ಏನು ಬೇಕಿತ್ತೋ ಆ ದಿನ ತಿಳಿಯಲಿಲ್ಲ. ಹೊರಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು, ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡುವ ಮೊದಲೇ ಎಲ್ಲರೂ ಓಡಿದೆವು. ಓಡುವಾಗ ನಾನು ಇಬ್ಬರಿಗೂ ಬೂತಿನ ಕಾಕಾನ ನಂಬರು ಕೊಟ್ಟೆ. ನಮ್ಮ ಮನೆಯಲ್ಲಿ ಫೋನೆಲ್ಲಿತ್ತು?

ಹಾಗೆ ಶುರುವಾಯಿತು. ಕ್ಲಾರ್ಕರು ಮಧ್ಯಾಹ್ನ ಊಟದ ಹೊತ್ತಿಗೆ ಸೊಸೈಟಿಯಿಂದ ಫೋನು ಮಾಡಿ ಹೇಳಬೇಕಾದ್ದನ್ನು ಕಾಕಾಗೆ ಹೇಳಿಡುತ್ತಿದ್ದರು. ಆಪಾ ಗಿರಾಕಿ ಇಲ್ಲದ ಹೊತ್ತು ನೋಡಿ ಪಕ್ಕದ ಅಂಗಡಿಯಿಂದ ಹೇಳಿಡುತ್ತಿದ್ದಳು. ಸಂಜೆ ಬಾಲವಾಡಿ ಮುಗಿಸಿ ನಾನು ಬೂತಿಗೆ ಹೋದರೆ, ಕಾಕಾ ಸ್ಟೂಲು ಸರಿಸಿ "ಕುಂಡ್ರಿ ಅಕ್ಕಾರ" ಎಂದು ಎಲ್ಲವನ್ನೂ ಒಪ್ಪಿಸುತ್ತಿದ್ದರು. ನನ್ನ ಮಾತನ್ನು ಕೇಳಿಕೊಂಡು ಮರುದಿನ ಅವರಿಬ್ಬರಿಗೆ ಮುಟ್ಟಿಸುತ್ತಿದ್ದರು. ಬರೆದ ಹಾಳೆಗಳು ಮಾತ್ರ ಪರಿಚಯದ ಕಂಡಕ್ಟರುಗಳ ಕೈಯಲ್ಲಿ ಬಸ್ಸಿನಲ್ಲಿ ಓಡಾಡಿದವು. ಈಗಿನವರು ಮೊಬೈಲಿನಲ್ಲಿ ಗುಂಪು ಕಟ್ಟಿಕೊಂಡು ಮಾಡುವುದನ್ನು ನಾವು ಕಾಕಾನ ತಲೆಯಲ್ಲಿ ಮಾಡಿದೆವು ಅನ್ನಿ.

ಮೊದಲ ಜಗಳ ವಿಷಯದ್ದೇ. ಕ್ಲಾರ್ಕರಿಗೆ ಸಹಕಾರಿ ಸಂಘದ ಬಗ್ಗೆ ಬರೆಯಬೇಕು. ಆಪಾಗೆ ಬಳೆ ವ್ಯಾಪಾರದ ಬಗ್ಗೆ. ನನಗೆ ಮಕ್ಕಳ ಆಟದ ಬಗ್ಗೆ. ಎತ್ತು ಏರಿಗೆ, ಕೋಣ ನೀರಿಗೆ. ನನ್ನ ಬಾಯಿಯೂ ಸ್ವಲ್ಪ ಜೋರು. "ಸೊಸೈಟಿ ಬಗ್ಗೆ ಬರದರ ಓದವರು ಅಲ್ಲೇ ನಿದ್ದಿ ಮಾಡತಾರ ಅಂತ ಹೇಳ್ರಿ ಅವರಿಗೆ" ಎಂದೆ. ಕಾಕಾ "ಹೇಳತೇನ್ರಿ" ಎಂದು ತಲೆಯಾಡಿಸಿದರು.

ಮರುದಿನ ಹೋದಾಗ ಅವರ ಮುಖ ಅರಳಿತ್ತು. "ಮುಂಡರಗಿ ಸಾಹೇಬರು ಭಾಳ ವಿಚಾರ ಮಾಡ್ಯಾರ್ರಿ. ಮೂರೂ ಊರಿಗೆ ಹೊಂದೂವಂಥಾದ್ದು ಒಂದ ಐತಿ, ನೀರು, ಅಂದ್ರು. ಬೆಟಗೇರಿ ಅಕ್ಕಾರಿಗೆ ನಳದ ಸುಖ ದುಃಖ ಗೊತ್ತಿರತೈತಿ, ಅವರಿಗಿಂತ ಚಲೋ ಯಾರು ಬರೀತಾರ, ಅಂದ್ರು."

ನನ್ನ ಸಿಟ್ಟು ಅರ್ಧ ಇಳಿಯಿತು. ನೀರಿನ ಬಗ್ಗೆ ನನಗೆ ಹೇಳಲು ಇತ್ತು. ನಮ್ಮ ಓಣಿಯಲ್ಲಿ ನಳ ಬಂತೆಂದರೆ ಮಗ್ಗಗಳು ನಿಲ್ಲುತ್ತಿದ್ದವು, ಒಲೆಯ ಮೇಲಿನ ಸಾರು ಉಕ್ಕಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬರೆಯಲು ಕೂತೆ. ಆಪಾ ತನ್ನ ಓಣಿಯ ಬಾವಿಯ ಬಗ್ಗೆ ಬರೆದು ಕಳಿಸಿದಳು. ಕ್ಲಾರ್ಕರು ಹೊಳೆಯ ನೀರು ಮುಂಡರಗಿಗೆ ಬರುವ ಬಗೆ ಬರೆದರು. ಅವರ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು.

ಕಾಕಾ ದಿನಕ್ಕೊಂದು ಒಳ್ಳೆಯ ಸುದ್ದಿ ತರುತ್ತಿದ್ದರು. ಆಪಾ ನನ್ನ ಬರಹ ಓದಿ ನಕ್ಕು ನಕ್ಕು ಸಾಕಾದಳಂತೆ. ಕ್ಲಾರ್ಕರು ನನ್ನನ್ನು ತಂಗಿ ಎಂದರಂತೆ. ನನಗೂ ಅವರ ಮೇಲೆ ಪ್ರೀತಿ ಹುಟ್ಟತೊಡಗಿತು. ಆದರೂ ಒಂದು ಆಸೆ… ಒಮ್ಮೆಯಾದರೂ ಮೂವರೂ ನೇರವಾಗಿ ಮಾತಾಡಬೇಕು ಎಂದು ಹಟ ಹಿಡಿದೆ. ಕಾಕಾ ಏನೇನೋ ನೆಪ ಹೇಳಿದರು. ಕೊನೆಗೆ ಬೂತಿನ ಎರಡು ಲೈನಿನಲ್ಲಿ ಇಬ್ಬರನ್ನೂ ಹಿಡಿದು, ಒಂದು ರಿಸೀವರಿನ ಕಿವಿಗೆ ಇನ್ನೊಂದರ ಬಾಯಿ ಬರುವಂತೆ ತಲೆಕೆಳಗು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದರು. ನಾನು ನಡುವೆ ಕಿವಿ ತೂರಿಸಿದೆ. ಕೊಡದೊಳಗೆ ಜೇನುಹುಳು ಹೊಕ್ಕ ಹಾಗೆ ಗುಂಯ್ ಎನ್ನುತ್ತಿತ್ತು. ಅದರ ನಡುವೆ, ನಾನೂ ಕಿವಿ ಇಟ್ಟಿರುವುದು ತಿಳಿಯದೆ ಆಪಾಗೆ ಹೇಳುತ್ತಿದ್ದ ಕ್ಲಾರ್ಕರ ಧ್ವನಿ ಒಮ್ಮೆ ಸ್ಪಷ್ಟವಾಗಿ ಕೇಳಿತು: "ನೋಡವಾ, ಆ ಬೆಟಗೇರಿ ಹೆಣ್ಮಗಳು ಅದಾಳಲ್ಲ…"

ಅಷ್ಟೇ. ಸದ್ದು ನಿಂತಿತು. ಕಾಕಾನ ಹೆಬ್ಬೆರಳು ಫೋನು ಕಡಿಯುವ ಗುಂಡಿಯ ಮೇಲಿತ್ತು.

"ಲೈನ್ ಹೋತ್ರಿ ಅಕ್ಕಾರ. ಹೊಸಾ ಜಿಲ್ಲಾ, ಹಳೀ ಕೇಬಲ್" ಎಂದರು.

"ಏನೋ ಹೇಳಾಕ ಹತ್ತಿದ್ರು ಕಾಕಾ."

"ಹೊಗಳಾಕ ಹತ್ತಿದ್ರು. ಮತ್ತೇನ."

ನಂಬಿದೆ. ನಂಬುವುದು ಹಿತವಾಗಿತ್ತು.

ವರ್ಷ ಮುಗಿಯುತ್ತ ಬಂದಾಗ ಮುಂಡರಗಿಯಿಂದ ಫೋನು ನಿಂತಿತು. ಎಲ್ಲವನ್ನೂ ಒಟ್ಟು ಮಾಡಿ ಚೊಕ್ಕ ಪ್ರತಿ ಬರೆಯುವ ಕೆಲಸ ಕ್ಲಾರ್ಕರದಾಗಿತ್ತು. ನಮ್ಮಿಬ್ಬರ ಹಾಳೆಗಳೂ ಅವರ ಬಳಿಯೇ ಇದ್ದವು. ದಿನಾ ಸಂಜೆ ಹೋಗಿ ಕೇಳುತ್ತಿದ್ದೆ. "ಸಾಹೇಬರಿಗೆ ಗಂಟಲ ಕಟ್ಟೈತ್ರಿ, ಮಾತ ಹೊಂಡವಲ್ದು" ಎನ್ನುತ್ತಿದ್ದರು ಕಾಕಾ. ಅತ್ತೆಯ ಆ ಒಂದು ಬೆರಳು ಕಣ್ಣ ಮುಂದೆ ಬರುತ್ತಿತ್ತು. ಬಾಲವಾಡಿಯಲ್ಲಿ ಮಕ್ಕಳಿಗೆ ಮುಖ ತೊಳೆಸುವಾಗ, ಮುಂದಿನ ವರ್ಷ ಇವರ ಮುಖ ತೊಳೆಸುವವರು ಯಾರೋ ಎಂದು ಅಳು ಬರುತ್ತಿತ್ತು. ಗಂಟಲು ಕಟ್ಟಿದವರು ಕೈಯಿಂದ ಬರೆಯಬಹುದಲ್ಲ ಎಂದು ಕೇಳಿದರೆ ಕಾಕಾ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತ ಕೂತರು.

ಕೆಲವು ದಿನಗಳ ಮೇಲೆ, ನಾನು ಇನ್ನೂ ದೂರದಲ್ಲಿರುವಾಗಲೇ ಅವರು ಊರುಗೋಲು ಎತ್ತಿ ಕೂಗಿದರು. "ಬಂತ್ರಿ ಅಕ್ಕಾರ! ಮುಂಡರಗಿ ಗಂಟಲ ಬಿಚ್ಚಿತು! ಬರ್ಯಾಕ ಸುರು ಮಾಡ್ಯಾರ!" ನಾನು ಬೂತಿನ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡೆ. ಅವತ್ತು ಕಾಕಾ ಚಹಾ ತರಿಸಿದರು.

ಮೌಖಿಕ ಪರೀಕ್ಷೆಯ ದಿನ ಗದಗಿನ ಆ ಸಭಾಂಗಣದ ಪಡಸಾಲೆಯಲ್ಲಿ, ಚೀಟಿ ಎತ್ತಿದ ದಿನದ ಮೇಲೆ ಮೂವರೂ ಮೊದಲ ಸಲ ಎದುರಾದೆವು. ಆಪಾ ಬಂದವಳೇ ನನ್ನ ಕೈ ಹಿಡಿದು ಕೂರಿಸಿ, ಚೀಲದಿಂದ ಹಸಿರು ಬಳೆ ತೆಗೆದು, ಬೆರಳು ಒತ್ತಿ ಒತ್ತಿ ಏರಿಸತೊಡಗಿದಳು. "ನನ್ನ ಕೈಲೇನ ಬಳಿ ಇಡಿಸ್ಕೋಬೇಕು ಅಂತ ಆಸೆಪಟ್ಟಿದ್ದಿ ಅಂತಲ್ಲ ತಂಗಿ" ಎಂದಳು. ನಾನು ಹಾಗೆ ಎಂದೂ ಹೇಳಿರಲಿಲ್ಲ. ಕ್ಲಾರ್ಕರು ಟೋಪಿ ಸರಿಮಾಡಿಕೊಂಡು ಬಳಿಗೆ ಬಂದು ತಗ್ಗಿದ ದನಿಯಲ್ಲಿ, "ನಿಮ್ಮ ಅತ್ತಿಯವರು ನನ್ನ ಅಕ್ಷರಾ ಓದಿ ಕಣ್ಣಾಗ ನೀರ ತಂದ್ರಂತ, ಕೇಳಿ ಭಾಳ ಸಂತೋಷಾತು" ಎಂದರು. ನಮ್ಮ ಅತ್ತೆಗೆ ಓದಲು ಬರುತ್ತಿರಲಿಲ್ಲ. ಈ ಭೂಮಿಯ ಮೇಲೆ ಮುಂಡರಗಿಯ ಕ್ಲಾರ್ಕರು ಇದ್ದಾರೆಂಬುದೂ ಅವರಿಗೆ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ನಮ್ಮನ್ನು ಕರೆದರು.

ಪರೀಕ್ಷಕರು ವರದಿಯ ಹಾಳೆ ತಿರುವಿ ನೋಡಿದರು. ಮುಖದಲ್ಲಿ ನಗು ಇರಲಿಲ್ಲ. ಕೇಳಿದ ಮೊದಲ ಪ್ರಶ್ನೆಯೇ, "ನೀರಿನ ವಿಷಯ ಆರಿಸಿದ್ದು ಯಾರು?"

"ಇವರು" ಎಂದು ನಾನು ಕ್ಲಾರ್ಕರನ್ನು ತೋರಿಸಿದೆ. ಅದೇ ಗಳಿಗೆಗೆ ಕ್ಲಾರ್ಕರು "ಇವರು" ಎಂದು ಆಪಾಳನ್ನು ತೋರಿಸಿದರು. ಆಪಾಳ ಬೆರಳು ನನ್ನ ಕಡೆ ಇತ್ತು.

ಮೂವರೂ ಕೈ ಚಾಚಿಕೊಂಡು ಹಾಗೇ ನಿಂತೆವು. ಯಾರೋ ಹೊರಗಿನವರು ಬರೆದುಕೊಟ್ಟಿದ್ದಾರೆ ಎಂದು ಇವರು ತಿಳಿದರೆ ಮುಗಿಯಿತು, ಒಂದು ವರ್ಷ ನೀರು ಪಾಲು, ಎಂದುಕೊಂಡೆ. ಪರೀಕ್ಷಕರು ಪೆನ್ನು ಕೆಳಗಿಟ್ಟರು. ಆಮೇಲೆ ನನ್ನ ನಳದ ಬಗ್ಗೆ ಆಪಾಳನ್ನು ಕೇಳಿದರು, ಆಪಾಳ ಬಾವಿಯ ಬಗ್ಗೆ ಕ್ಲಾರ್ಕರನ್ನು ಕೇಳಿದರು, ಹೊಳೆಯ ಬಗ್ಗೆ ನನ್ನನ್ನು ಕೇಳಿದರು. ಒಬ್ಬರ ಹಾಳೆ ಒಬ್ಬರು ಅಷ್ಟು ಸಲ ಓದಿದ್ದೆವು, ಪಟಪಟನೆ ಹೇಳಿದೆವು. ಆಪಾ ಅಂತೂ ನಮ್ಮ ಓಣಿಯಲ್ಲಿ ಯಾರ ಕೊಡ ಮೊದಲು ಯಾರ ಕೊಡ ಆಮೇಲೆ ಎಂಬುದನ್ನು ಕಣ್ಣಾರೆ ಕಂಡವಳಂತೆ ವರ್ಣಿಸಿದಳು.

ಪರೀಕ್ಷಕರು ಈಗ ನಕ್ಕರು. "ಮುಂಜಾನಿಂದ ಎಲ್ಲಾ ಗುಂಪಿನ್ಯಾಗೂ ನಾ ಮಾಡಿದೆ, ನಾ ಮಾಡಿದೆ ಅನ್ನೂದನ್ನ ಕೇಳಿ ತಲಿ ಚಿಟ್ಟು ಹಿಡದಿತ್ತು. ಅವರು ಮಾಡಿದ್ರು ಅನ್ನೋರನ್ನ ಈಗ ನೋಡಿದೆ. ಹೋಗ್ರಿ, ಪಾಸಾದ್ರಿ."

ಹೊರಗೆ ಬಂದಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಎಷ್ಟು ಹಗುರಾಗಿತ್ತೆಂದರೆ ಆ ಬಿಸಿಲಿನಲ್ಲಿ ನಕ್ಕೆ, ಸುಮ್ಮನೆ ನಕ್ಕೆ. ಬೇವಿನ ಮರದ ಕೆಳಗೆ ಮೂವರೂ ನಿಂತು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡ ಮೇಲೆ ಒಂದೊಂದೇ ಹೊರಬಿತ್ತು. ಕ್ಲಾರ್ಕರ ಗಂಟಲು ಕಟ್ಟಿರಲೇ ಇಲ್ಲ. "ಈ ಹೆಂಗಸರ ಗುಂಪು ನನಗ ಬ್ಯಾಡ, ಬಿಟ್ಟೆ" ಎಂದು ಹೇಳಿ ಕಳಿಸಿದ್ದರಂತೆ. ಅದಕ್ಕೆ ಕಾಕಾ, ನಿಮ್ಮ ಅಕ್ಷರ ಇಲ್ಲದಿದ್ದರೆ ನಮ್ಮದು ವರದಿಯೇ ಅಲ್ಲ ಎಂದು ಇಬ್ಬರೂ ಅಕ್ಕಂದಿರು ಅಳುತ್ತಿದ್ದಾರೆ, ಬೆಟಗೇರಿಯ ಅತ್ತೆಯೂ ಕಣ್ಣೀರು ಹಾಕಿದರು, ಎಂದು ಪಟ್ಟು ಬಿಡದೆ ಹೇಳಿದ್ದರು. ನನ್ನ ಬರಹ ಓದಿ ಆಪಾ ನಕ್ಕಿರಲಿಲ್ಲ, ಉದ್ದ ಆಯಿತು ಎಂದು ಬೈದಿದ್ದಳು. ಸೊಸೈಟಿ ಮತ್ತು ನಿದ್ದೆಯ ನನ್ನ ಮಾತು ಮುಂಡರಗಿ ಮುಟ್ಟಿಯೇ ಇರಲಿಲ್ಲ. ನೀರು ಎಂಬ ವಿಷಯ ನಾವು ಯಾರೂ ಹೇಳಿದ್ದೇ ಅಲ್ಲ…

ಮೂವರೂ ಆಟೋ ಹಿಡಿದು ಬೆಟಗೇರಿಗೆ ಬಂದೆವು. ಜಗಳ ಮಾಡಲೆಂದೇ ಬಂದೆವು. ಕಾಕಾ ನಮ್ಮನ್ನು ಒಟ್ಟಿಗೆ ಕಂಡು, ಕೈಯಲ್ಲಿದ್ದ ಅರಳೆ ಕೆಳಗಿಟ್ಟು, "ಪಾಸಾದ್ರೋ ಇಲ್ಲೋ ಅದನ್ನ ಮೊದಲ ಹೇಳ್ರಿ" ಎಂದರು. ಪಾಸಾದೆವು ಎಂದೆವು. ಅವರು ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟರು. ನಮ್ಮ ಮೂವರಿಗಿಂತ ಆ ಮನುಷ್ಯನೇ ಹೆಚ್ಚು ಹೆದರಿದ್ದರು ಎಂದು ಆಗ ತಿಳಿಯಿತು.

"ಇಷ್ಟ ಸುಳ್ಳ ಹೇಳೂದ ಕಾಕಾ?" ಎಂದೆ.

"ಸಾವಿರ ಸುಳ್ಳ ಹೇಳಿ ಒಂದ ಮದುವಿ ಮಾಡು ಅಂತಾರ್ರಿ. ನಾ ಅಷ್ಟು ಹೇಳಿಲ್ಲ" ಎಂದರು.

ಬೂತು ಸಿಗುವ ಮೊದಲು ಅವರು ಗಂಡು ಹೆಣ್ಣಿನ ಕಡೆಯವರ ನಡುವೆ ಓಡಾಡಿ ಬೀಗತನ ಹೊಂದಿಸುತ್ತಿದ್ದರಂತೆ. ನಮ್ಮ ಕಡೆ ನಡುವಿನವರು ಒಂದು ಮನೆಯ ಬಿರುಸು ಮಾತನ್ನು ಇನ್ನೊಂದು ಮನೆಗೆ ಒಯ್ಯುವ ಪದ್ಧತಿ ಇಲ್ಲ. ಹೊಸ್ತಿಲು ದಾಟುವಾಗ ಮಾತಿನ ಮುಳ್ಳು ಅಲ್ಲೇ ಉದುರಿಸಬೇಕು. ಕಾಕಾ ಫೋನು ಬಂದ ಮೇಲೂ ಅದನ್ನೇ ಮಾಡಿದರು, ಅಷ್ಟೇ. ನೀರಿನ ವಿಷಯ ಅವರದೇ. ಕುಂಟುಕಾಲಿನಲ್ಲಿ ಕೊಡ ಹೊರಲಾಗದೆ, ನಳ ಬಂದಾಗೆಲ್ಲ ಅಕ್ಕಪಕ್ಕದವರ ದಾರಿ ಕಾಯುವ ಮನುಷ್ಯ. ಅದರ ಬಗ್ಗೆ ಯಾರಾದರೂ ಬರೆಯಲಿ ಎಂದು ಅನಿಸಿತ್ತಂತೆ.

ಆಪಾ ಕೇಳಿದಳು. "ಮಂದೀವು ಇಷ್ಟ ಮದುವಿ ಮಾಡಿಸೀರಿ, ನಿಮ್ಮದ್ಯಾಕ ಆಗಲಿಲ್ರಿ ಕಾಕಾ?"

"ನನ್ನ ಸಂಬಂಧಕ್ಕ ಮಾತಾಡಾಕ ನಾನ ಹೋಗಿದ್ದೆನ್ರಿ. ಖರೇನ ಹೇಳಿದೆ, ಕಾಲ ಹಿಂಗೈತಿ ಅಂತ" ಎಂದು ನಕ್ಕರು.

ನಾವು ನಗಲಿಲ್ಲ. ಕ್ಲಾರ್ಕರು ಎದ್ದು ಹೋಗಿ ಎಲ್ಲರಿಗೂ ಚುರುಮರಿಯ ಗಿರಮಿಟ್ಟು ಕಟ್ಟಿಸಿಕೊಂಡು ಬಂದರು. ಆ ಸಂಜೆ ಬೂತಿನ ಮುಂದೆ ನಾಲ್ವರೂ ತಿಂದದ್ದು, ಕ್ಲಾರ್ಕರ ಮೀಸೆಗೆ ಚುರುಮರಿ ಅಂಟಿದ್ದು, ಆಪಾ ತನ್ನ ಗುಟ್ಟು ಹೇಳಿದ್ದು, ಎಲ್ಲ ನೆನಪಿದೆ. ಸಣ್ಣವಳಿದ್ದಾಗ ಅಣ್ಣ ಶಾಲೆ ಬಿಡಿಸಿದ್ದನಂತೆ. ಸರ್ಟಿಫಿಕೇಟನ್ನು ಅವನ ಮನೆಯ ಗೋಡೆಗೇ ತೂಗುಹಾಕಿ ಬರುತ್ತೇನೆ ಎಂದಳು. ಹಾಗೇ ಮಾಡಿದಳು ಕೂಡ.

ನಾನು ಟೀಚರಾದೆ. ಅತ್ತೆಯವರು ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿ ದೇವರ ಮುಂದಿಟ್ಟರು. ಮಕ್ಕಳ ಮುಖ ತೊಳೆಸುತ್ತ ಎಷ್ಟೋ ವರ್ಷ ಕಳೆದವು. ಕಾಲ ಹೋದಂತೆ ಎಲ್ಲರ ಕೈಗೂ ಮೊಬೈಲು ಬಂತು, ಬೂತಿನ ಗಾಜಿನ ಕೋಣೆಯಲ್ಲಿ ಗೊಂಬೆ, ಬಕೆಟ್ಟು ಮಾರಾಟಕ್ಕೆ ಕೂತವು. ಕಾಕಾ ಸ್ವಲ್ಪ ದಿನ ರೀಚಾರ್ಜು ಕಾರ್ಡು ಮಾರಿದರು. ಆಮೇಲೆ ಶಿರಹಟ್ಟಿಗೆ, ತಮ್ಮನ ಮನೆಗೆ ಹೋದರು… ಹೋಗಿ ನೋಡಿ ಬರಬೇಕು ಎನ್ನುತ್ತಲೇ ಇದ್ದೆ. ಒಂದು ಮಧ್ಯಾಹ್ನ ಮೊಬೈಲಿಗೆ ಅವರ ಫೋಟೋ ಬಂತು, ಕೆಳಗೆ ಕೈಮುಗಿದ ಎರಡು ಚಿತ್ರ. ಅಷ್ಟೇ ಖಬರ. ಬದುಕಿಡೀ ಮಾತಿನ ಮುಳ್ಳು ಉದುರಿಸಿ ಕೊಟ್ಟವರ ಸಾವಿನ ಸುದ್ದಿಯನ್ನು ನಮಗೆ ಸಾವಕಾಶವಾಗಿ ಹೇಳಲು ಯಾರೂ ನಡುವೆ ಇರಲಿಲ್ಲ. ಆ ದಿನ ಬಹಳ ಅತ್ತೆ.

ಹೋದ ತಿಂಗಳ ಮದುವೆ ಆಪಾಳ ಮೊಮ್ಮಗಳದು. ಕ್ಲಾರ್ಕರೂ ಬಂದಿದ್ದರು, ಮೀಸೆ ಪೂರ್ತಿ ಬಿಳಿ, ಗಂಡಸರ ಕಡೆ ಕುರ್ಚಿಯಲ್ಲಿ ಕೂತು ಯಾರಿಗೋ ಸೊಸೈಟಿಯ ಬಗ್ಗೆ ಹೇಳುತ್ತಿದ್ದರು. ಹುಬ್ಬಳ್ಳಿಯಿಂದ ಬರಬೇಕಿದ್ದ ಬೀಗರು ತೀರ ತಡ ಮಾಡಿದರು. ಅವರ ಬಸ್ಸು ಬಂದು ನಿಲ್ಲುವ ಹೊತ್ತಿಗೆ ಆಪಾಳ ಮುಖ ಕೆಂಡವಾಗಿತ್ತು. ಮೊಣಕಾಲು ನೋವು, ಎದ್ದು ಹೋಗುವ ಹಾಗಿಲ್ಲ. ನನ್ನನ್ನು ಕರೆದು, "ಹೋಗಿ ಹೇಳ ಆ ಬೀಗತಿಗೆ, ಮಾನ ಇದ್ದವರು ಮಂದಿನ್ನ ಇಷ್ಟೊತ್ತು ಕಾಯಿಸಂಗಿಲ್ಲ ಅಂತ" ಎಂದಳು.

ಹೋದೆ. ಅತ್ತರು ಹಚ್ಚಿದ ಕೈಯಿಂದಲೇ ಬೀಗತಿಯ ಕೈ ಹಿಡಿದು, "ಆಪಾ ಹೇಳಿ ಕಳಿಸ್ಯಾರ್ರಿ, ದಾರಿಗೆ ದಣದಿರತೀರಿ, ಮೊದಲ ಶರಬತ್ತ ಕುಡೀರಿ, ಮುಂದಿಂದು ಸಾವಕಾಶ ಆಗಲಿ ಅಂತ" ಎಂದೆ. ಆಕೆ ಬಿಗಿದ ಮುಖದಲ್ಲೇ, "ಬಸ್ಸಿನ ಹತ್ತರ ಕರ್ಯಾಕ ಒಬ್ಬರೂ ಬರಲಿಲ್ಲ, ಇದ ಏನ ನಿಮ್ಮ ಪದ್ಧತಿ?" ಎಂದಳು. ತಿರುಗಿ ಬಂದೆ.

"ಏನಂದ್ಲು?" ಎಂದಳು ಆಪಾ.

"ತಡಾ ಆತು, ಆಪಾಗ ಮಾರಿ ಹ್ಯಾಂಗ ತೋರಸಲಿ ಅಂತ ಭಾಳ ಹಳಹಳಸ್ತಾಳ. ನೀವ ಬಂದು ಕೈ ಹಿಡದು ಕರಕೊಂಡ ಹೋಗಬೇಕಂತ."

ಆಪಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಮುಂಗೈ ಎತ್ತಿ ಮೂಗಿಗೆ ಹಿಡಿದಳು. ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗು ಇತ್ತು.

"ಬೂತಿನ ಕಾಕಾನ ಗಾಳಿ ಬಡದೈತಿ ನಿನಗ" ಎಂದಳು. "ಖರೆ ಏನಂದ್ಲು ಅಂತ ನಾ ಕೇಳಂಗಿಲ್ಲ."

ನನ್ನ ಭುಜ ಹಿಡಿದು ಎದ್ದಳು. ಮೊಣಕಾಲು ಊರುತ್ತ, ನಗುತ್ತ, ಬೀಗತಿಯನ್ನು ಕರೆಯಲು ಹೊರಟಳು.